ಅಳಿಸಿದ್ದೀನಿ ಅಂತ ಹೇಳಿದ ಮೇಲೆ

ಸುಂಕದಕಟ್ಟೆ ಬಸ್‌ಸ್ಟಾಪಿನ ಎದುರು ಅನಂತಲಕ್ಷ್ಮಿಯ ಡಿಟಿಪಿ ಅಂಗಡಿ. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಕೈ. ಆಗೆಲ್ಲ ಗುಟ್ಟಿನ ಕಾಗದವಾದರೆ ಕಾರ್ಬನ್ ಹಾಳೆಯನ್ನು ಗಿರಾಕಿಯ ಎದುರೇ ಸುಟ್ಟುಬಿಡುತ್ತಿದ್ದಳು. 2004ರಲ್ಲಿ ಕಂಪ್ಯೂಟರ್ ಬಂತು, ಅಭ್ಯಾಸ ಬಿಡಲಿಲ್ಲ. ಗಿರಾಕಿಯನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು ಫೈಲ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, "ನೋಡಿ, ಹೋಯ್ತು" ಅನ್ನುವುದು. ಜನ ಬರುತ್ತಿದ್ದದ್ದೇ ಆ ಒಂದು ಮಾತಿಗೆ. ಆದರೆ ಅವಳ ಮರ್ಯಾದೆ ಆ ಡಬ್ಬಕ್ಕೇನು ಗೊತ್ತು!

ಒಂದು ಭಾನುವಾರ ಗಾರ್ಮೆಂಟ್ಸ್ ಕೆಲಸದ ಮುನಿತಾಯಮ್ಮ ಬಂದಳು. ಸೂಪರ್‌ವೈಸರ್ ಮೈಮೇಲೆ ಕೈ ಹಾಕುತ್ತಾನೆ, ಮಹಿಳಾ ಆಯೋಗಕ್ಕೆ ಹೆಸರು ಹಾಕದ ಅರ್ಜಿ ಬೇಕು.

"ಅಕ್ಕ, ಇದು ಹೊರಗೆ ಬಿದ್ರೆ ನನ್ ಕೆಲ್ಸ ಹೋದಂಗೇ. ನಂಗೂ, ಪಕ್ಕದ ಮೆಷಿನ್ ಶಿಲ್ಪಾಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ನನ್ ಅಂಗ್ಡೀಲಿ ಹುಟ್ಟಿದ್ದು ಇಲ್ಲೇ ಸಾಯತ್ತೆ, ಹೇಳಮ್ಮ ನೀನು."

ಅರ್ಧ ಟೈಪಾಗಿತ್ತು, ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಆ ಅರ್ಧ ಅರ್ಜಿಯನ್ನು ಕಂಪ್ಯೂಟರ್ ತಾನಾಗೇ ಉಳಿಸಿಕೊಂಡು ಪರದೆಯ ಎಡಗಡೆ ತೋರಿಸುತ್ತಿತ್ತು. ಇಟ್ಟುಕೊಳ್ಳಲೋ, ತೆಗೆಯಲೋ ಅಂತ ಇಂಗ್ಲಿಷಿನಲ್ಲಿ ಕೇಳಿತು. ಇವಳು ಓದದೆ ಯಾವುದೋ ಬಟನ್ ಒತ್ತಿ, ಮೊದಲಿಂದ ಟೈಪ್ ಮಾಡಿ, ಪ್ರಿಂಟ್ ಕೊಟ್ಟು, ಫೈಲ್ ಅಳಿಸಿದಳು. "ನೋಡು, ಹೋಯ್ತು" ಅಂದಳು. ಅರ್ಧ ಅರ್ಜಿ ಒಳಗೇ ಕೂತಿತ್ತು.

ಮಾರನೇ ಬೆಳಿಗ್ಗೆ ಮುನಿತಾಯಮ್ಮನ ಫ್ಯಾಕ್ಟರಿಯಲ್ಲೇ ಹಾಜರಿ ನೋಡುವ ಟೈಮ್ ಆಫೀಸ್ ಗುಮಾಸ್ತ ವೆಂಕಟಸ್ವಾಮಿ ನೋಟಿಸ್ ಟೈಪ್ ಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತರು. ಅನಂತಲಕ್ಷ್ಮಿ ವರ್ಡ್ ತೆರೆದು, ಪೇಪರ್ ಬಂಡಲ್ ತರಲು ಒಳಗೆ ಹೋದಳು. ಬರುವಷ್ಟರಲ್ಲಿ, ಎಡಗಡೆ ಮತ್ತೆ ಕಾಣಿಸಿಕೊಂಡಿದ್ದ ಆ ಅರ್ಧ ಅರ್ಜಿಯನ್ನು ಪುಣ್ಯಾತ್ಮರು ಒತ್ತಿ ಪರದೆ ತುಂಬ ತೆರೆದು, ಕನ್ನಡಕ ಏರಿಸಿಕೊಂಡು ಓದುತ್ತಿದ್ದರು.

"ಯಾರ್ದು ಮೇಡಂ ಇದು? ಆರನೇ ಲೈನು, ಕಾಲರ್ ಹೊಲಿಯೋಳು ಅಂತಿದೆ. ನಮ್ದೇ ಅಲ್ವಾ?"

ಅವಳು ಬಂಡಲ್ ಕೆಳಗಿಟ್ಟು ಮೌಸ್ ಎಳೆದುಕೊಂಡಳು. "ಯಾವ್ದೋ ಹಳೇದು ಸಾರ್" ಅಂತ ಮುಚ್ಚಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಫ್ಯಾಕ್ಟರಿ ಗೇಟಿಗೆ ಹೋಗಿ ಮುನಿತಾಯಮ್ಮನಿಗೆ ಒಂದು ಮಾತು ಹೇಳಬಹುದಿತ್ತು. ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಅವರೇನು ಪೂರ್ತಿ ಓದಿರಲಿಕ್ಕಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಥೂ, ಭಯಕ್ಕೆ ನೆಪ ಸಿಗೋದು ಎಷ್ಟು ಸುಲಭ!

ಆ ವಾರವೇ ನಂದಿನಿ ಲೇಔಟಿನ ರಿಪೇರಿಯವನನ್ನು ಕರೆಸಿದಳು. ಕಂಪ್ಯೂಟರ್ ತಾನಾಗೇ ಉಳಿಸಿಕೊಳ್ಳುವ, ಕಣ್ಣಿಗೆ ಕಾಣದ ಟೆಂಪ್ ಫೈಲುಗಳು ಎಲ್ಲಿರುತ್ತವೆ, ಅಳಿಸಿದ ಜಾಗದ ಮೇಲೆ ಬೇರೇನೋ ಬರೆದು ಗುರುತೇ ಉಳಿಯದಂತೆ ಮಾಡುವುದು ಹೇಗೆ, ಎಲ್ಲ ಕಲಿತಳು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಎರಡು ವಾರ ಬಿಟ್ಟು ಮುನಿತಾಯಮ್ಮ ಬಂದಳು. ಕಣ್ಣು ಊದಿತ್ತು.

"ಕೆಲ್ಸದಿಂದ ತೆಗೆದ್ರು ಅಕ್ಕ. ಆ ಶಿಲ್ಪಾನೇ ಬಾಯ್ಬಿಟ್ಟಿದ್ದು. ಮಗು ಮೇಲೆ ಆಣೆ ಇಟ್ಳು, ನಂಬ್ತೀನಾ ನಾನು? ಲೈನಲ್ಲಿ ಎಲ್ರೆದುರೂ ಮುಖಕ್ಕೆ ಉಗಿದೆ."

ಶಿಲ್ಪಾ ಅಲ್ಲ, ನನ್ನ ಕಂಪ್ಯೂಟರ್ ಅಂತ ಹೇಳಹೊರಟಳು ಅನಂತಲಕ್ಷ್ಮಿ. ನಿಜ ಹೇಳಿದರೆ ನಾಳೆಯಿಂದ ಈ ಸ್ಟೂಲಿನ ಮೇಲೆ ಯಾರು ಕೂರುತ್ತಾರೆ?

"ಈ ಊರಲ್ಲಿ ನಂಬೋಕೆ ಅಂತ ನೀವೊಬ್ರೇ ಉಳಿದಿರೋದು ಅಕ್ಕ" ಅಂತ ಮುನಿತಾಯಮ್ಮ ಅವಳ ಕೈ ಹಿಡಿದುಕೊಂಡು ಅತ್ತಳು.

"ಹೂಂ" ಅಂದಳು ಅನಂತಲಕ್ಷ್ಮಿ.