ಒಂದು ಬೆರಳು ಗಿಡ್ಡ

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಬಾವುಟದಕ್ಕ ಅಂತಲೇ ಕರೆಯುತ್ತಿದ್ದರು. ಹೊರದೇಶದವರ ಜೊತೆ ಮಾತುಕತೆ ನಡೆಸುವ ಕಚೇರಿ ಅದು. ಮೇಲಿನ ಮಹಡಿಗಳಲ್ಲಿ ಮೆತ್ತನೆಯ ಜಮಖಾನ, ಗಾಜಿನ ದೀಪಗಳು. ಕೆಳಗೆ, ಮೆಟ್ಟಿಲ ಅಡಿಯ ಕೋಣೆಯಲ್ಲಿ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಇವಳು. ಮದುವೆಯಾದ ಹೊಸದರಲ್ಲಿ ಪರದೆ ಹೊಲಿಯಲು ಬಂದವಳು ಬಾವುಟ ಹೊಲಿಯುತ್ತಲೇ ತಲೆ ನರೆಸಿಕೊಂಡಿದ್ದಳು.

ಮಾತುಕತೆಯ ಮೇಜಿನ ಮೇಲೆ ಎರಡು ಪುಟ್ಟ ಬಾವುಟ ಇಡಬೇಕು, ಎರಡೂ ಸರಿಸಮ ಇರಬೇಕು. ಬಂದವರು ಕೂರುವ ಮೊದಲು ಅವರ ಕಡೆಯವನೊಬ್ಬ ಟೇಪು ಹಿಡಿದು ಅಳೆಯುತ್ತಾನೆ. ಹಿಂದೊಮ್ಮೆ ತಮ್ಮ ಬಾವುಟ ಒಂದು ಬೆರಳಿನಷ್ಟು ಗಿಡ್ಡವಾಯಿತು ಅಂತ ಬಂದವರು ಕಾಫಿಯನ್ನೂ ಮುಟ್ಟದೆ ಕಾರು ಹತ್ತಿದ್ದರು. "ಒಂದು ಮಗುವಿಗೆ ದೊಡ್ಡ ಮಿಠಾಯಿ, ಇನ್ನೊಂದಕ್ಕೆ ಚಿಕ್ಕದು ಕೊಟ್ಟ ಹಾಗಾಯ್ತು" ಅಂತ ಕಚೇರಿಯವರು ಈಗಲೂ ನಗುತ್ತಾರೆ.

ಅವಳ ತಂಗಿಯನ್ನು ಕೊಟ್ಟಿದ್ದು ನದಿಯಾಚೆಯ ದೇಶಕ್ಕೆ. ತಂಗಿಯ ಗಂಡ ಶಾಲೆ ಮೇಷ್ಟ್ರು. ಅಲ್ಲಿ ಸೇನಾಪತಿಯೊಬ್ಬ ಅಧಿಕಾರ ಕಿತ್ತುಕೊಂಡ ವರ್ಷ, ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಸಿಪಾಯಿಗಳು ಎಳೆದುಕೊಂಡು ಹೋದರು. ಬದುಕಿದ್ದಾನೆ, ಜೈಲಿನಲ್ಲಿದ್ದಾನೆ ಅನ್ನುವುದಷ್ಟೇ ಗೊತ್ತು. ತಂಗಿ ಒಂದು ಕೈಚೀಲ ಹಿಡಿದು ನದಿ ದಾಟಿ ಬಂದು ಅಕ್ಕನ ಮನೆಯ ಒಲೆಯ ಪಕ್ಕ ಹಾಸಿಗೆ ಹಾಸಿಕೊಂಡಳು.

ಆಗ ಕಚೇರಿಯ ದೊಡ್ಡ ಸಾಹೇಬರು, "ರಕ್ತ ಅಂಟಿದ ಕೈಯನ್ನು ನಾವು ಕುಲುಕುವುದಿಲ್ಲ" ಅಂತ ತುಂಬಿದ ಸಭೆಯಲ್ಲಿ ಹೇಳಿದ್ದರು. ಆ ದೇಶದ ಬಾವುಟಗಳನ್ನೆಲ್ಲ ಕತ್ತರಿಸಿ ಮೇಜು ಒರೆಸುವ ಬಟ್ಟೆ ಮಾಡು ಅಂತ ಅಕ್ಕನಿಗೆ ಅಪ್ಪಣೆಯಾಗಿತ್ತು. ಅವಳ ಕತ್ತರಿ ಅಂದು ಆಡಿದ ಹಾಗೆ ಇನ್ನೆಂದೂ ಆಡಿರಲಿಲ್ಲ.

ಆದರೆ ಊರಿಗೆ ಕಲ್ಲಿದ್ದಲು ಬರುತ್ತಿದ್ದುದೂ ನದಿಯಾಚೆಯಿಂದಲೇ. ಅದು ನಿಂತುಹೋಯಿತು. ಎರಡನೇ ಚಳಿಗಾಲಕ್ಕೆ ಮನೆಮನೆಯ ಒಲೆಗಳು ತಣ್ಣಗಾದವು. ಅಕ್ಕನ ಗಂಡನಿಗೆ ಮೊದಲೇ ಉಬ್ಬಸ. ಒಂದೊಂದು ಉಸಿರಿಗೂ ಎದೆ ಸಿಳ್ಳೆ ಹಾಕುತ್ತಿತ್ತು. ಅಂಥದೊಂದು ದಿನ ಮೇಲಿನಿಂದ ಮಾತು ಬಂತು: "ಅಕ್ಕಾ, ನದಿಯಾಚೆಯವರ ಬಾವುಟ ಒಂದು ಹೊಲೀಬೇಕು. ಸೇನಾಪತಿ ಬರ್ತಿದಾರೆ."

ಅವಳು ನೇರ ಸಾಹೇಬರ ಕೋಣೆಗೇ ಹತ್ತಿಹೋದಳು.

"ಸ್ವಾಮಿ, ಹೇಗೂ ಎದುರಿಗೇ ಕೂರ್ತೀರಿ. ನನ್ನ ತಂಗಿ ಗಂಡನ ವಿಷಯ ಒಂದು ಮಾತು ಕೇಳಿ."

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಕೂತ್ಕೊಳ್ಳಿ ಅಕ್ಕಾ. ಆ ಹೆಸರು ಎತ್ತಿದ್ರೆ ಅವರು ಎದ್ದು ಹೋಗ್ತಾರೆ. ಊರಿಗೆಲ್ಲ ಬೆಂಕಿ ಇರಲ್ಲ."

"ಕೈ ಕುಲುಕಲ್ಲ ಅಂದಿದ್ರಿ."

"ಅಂದಿದ್ದೆ. ನನ್ನ ಮನೆ ಬಾಗಿಲಿಗೆ ಬಂದಿದ್ರೆ ಮುಖಕ್ಕೇ ಬಾಗಿಲು ಹಾಕ್ತಿದ್ದೆ, ಚಳಿಗೆ ನಾನು ಸಾಯ್ತಿದ್ದೆ, ಅಷ್ಟೇ. ನಾಡು ನನ್ನ ಸ್ವಂತದ್ದಲ್ಲವಲ್ಲ. ನನ್ನ ನೀತಿಗೆ ಬೇರೆಯವರ ಮಕ್ಕಳು ನಡುಗಬೇಕಾ?"

"ಹಾಗಾದ್ರೆ ನೀತಿ ನಮ್ಮಂಥವರ ಮನೆಯೊಳಗೆ ಮಾತ್ರ ಅನ್ನಿ."

ಸಾಹೇಬರು ಕನ್ನಡಕ ಹಾಕಿಕೊಂಡರು. ಮುಂದಿದ್ದ ಕಡತ ಹತ್ತಿರ ಎಳೆದುಕೊಂಡರು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಬಟ್ಟೆ ಹಾಸಿ, ಬೇಕೆಂತಲೇ ಒಂದು ಬೆರಳು ಗಿಡ್ಡ ಕತ್ತರಿಸಿದಳು. ಅಂಚು ಮಡಿಸಿ ಹೊಲಿದು, ಇಸ್ತ್ರಿ ತಿಕ್ಕಿ, ಕೋಲಿಗೆ ಏರಿಸಿದಳು. ಸಂಜೆ ಮನೆಯಲ್ಲಿ ಸಾಹೇಬರು ಅಂದಿದ್ದನ್ನೂ ತಾನು ಮಾಡಿದ್ದನ್ನೂ ತಂಗಿಯ ಕಿವಿಯಲ್ಲಿ ಹೇಳಿದಳು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ನಗುನಗುತ್ತಲೇ ಅತ್ತಳು.

"ನಮ್ಮನೆಯವರನ್ನ ಬಿಡಿಸದಿದ್ರೂ ಪರವಾಗಿಲ್ಲ ಅಕ್ಕಾ. ಆ ಕಟುಕ ಒಂದು ಸಲ ಮುಖಭಂಗ ಮಾಡ್ಕೊಂಡು ಹೋದ್ರೆ ಸಾಕು ನಂಗೆ."

ಬೆಳಿಗ್ಗೆ ಅಕ್ಕ ಎದ್ದಾಗ ಗಂಡ ತಣ್ಣಗಿನ ಒಲೆಯನ್ನು ತಬ್ಬಿಕೊಂಡು ಕೂತಿದ್ದ. ತುಟಿ ನೀಲಿಗಟ್ಟಿತ್ತು.

"ಅದು ನನ್ನ ಬೆಚ್ಚಗೆ ಮಾಡಲ್ಲ ಅಂತು, ನಾನೇ ಅದನ್ನ ಬೆಚ್ಚಗೆ ಮಾಡ್ತಿದೀನಿ ಕಣೆ" ಅಂದ. ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲಲೇ ಇಲ್ಲ.

ಎಲ್ಲರಿಗಿಂತ ಮೊದಲು ಕಚೇರಿಗೆ ಹೋದವಳು ಹೊಸ ಬಟ್ಟೆ ತೆಗೆದಳು. ಈ ಸಲ ಸರಿಯಾಗಿ ಅಳೆದಳು. ಗಿಡ್ಡನೆಯದನ್ನು ಒರೆಸುವ ಬಟ್ಟೆಗಳ ಬುಟ್ಟಿಗೆ ತುರುಕಿದಳು.

ಸೇನಾಪತಿಯ ಕಡೆಯವನು ಟೇಪು ಹಿಡಿದು ಅಳೆದು, "ಕೂದಲಷ್ಟೂ ವ್ಯತ್ಯಾಸ ಇಲ್ಲ. ಯಾರದಮ್ಮ ಈ ಕೈ?" ಅಂತ ಮೆಚ್ಚಿಕೊಂಡ. ಅಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಬಾಗಿಲ ಸಂದಿಯಲ್ಲಿ ಕಂಡಿತು: ಸಾಹೇಬರು ಸೇನಾಪತಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದಿದ್ದರು.

ವಾರ ಕಳೆಯುವುದರೊಳಗೆ ಕಲ್ಲಿದ್ದಲು ಬಂತು. ಒಲೆ ಹೊತ್ತಿತು. ಗಂಡ ಕಾಲು ಚಾಚಿ, "ಅಬ್ಬಾ, ಜೀವ ಬಂತು" ಅಂದ. ಅಷ್ಟೂ ದಿನ ಏನೂ ಕೇಳದೆ ಅಕ್ಕನ ಮುಖವನ್ನೇ ನೋಡುತ್ತಿದ್ದ ತಂಗಿ ಅಂದು ಅವಳನ್ನು ಮೂಲೆಗೆ ಕರೆದಳು.

"ಅಳೀಲಿಲ್ವಾ ಅವರು?"

"ಅಳೆದರು."

"ಮತ್ತೆ?"

"ನಾನೊಬ್ಳೇ ಆಗಿದ್ರೆ ಮಾಡೇಬಿಡ್ತಿದ್ದೆ ಕಣೆ. ನಿಮ್ಮ ಭಾವನ ಉಸಿರು ನನ್ನ ಸ್ವಂತದ್ದಲ್ಲವಲ್ಲ..." ಅಂದವಳು, ಈ ಮಾತು ಎಲ್ಲಿ ಕೇಳಿದ್ದು ಅಂತ ನೆನಪಾಗಿ ಅಲ್ಲಿಗೇ ಮಾತು ನಿಲ್ಲಿಸಿದಳು.

"ನಿಮ್ಮ ಸಾಹೇಬರ ಹತ್ರ ಚೆನ್ನಾಗೇ ಕಲಿತಿದೀಯ" ಅಂದಳು ತಂಗಿ. ಒಲೆಯ ಪಕ್ಕದ ಹಾಸಿಗೆ ಸುತ್ತಿ ಎತ್ತಿಕೊಂಡು ಹೋಗಿ, ಗಾಳಿ ನುಗ್ಗುವ ಬಾಗಿಲ ಹತ್ತಿರ ಹಾಸಿದಳು.

"ಅಲ್ಲ್ಯಾಕಮ್ಮಾ? ಇಲ್ಲಿ ಬೆಚ್ಚಗಿದೆ, ಬಾ" ಅಂದ ಅಕ್ಕನ ಗಂಡ, ಏನೂ ತಿಳಿಯದೆ.

"ಪರವಾಗಿಲ್ಲ ಭಾವ. ನಂಗೆ ಚಳಿ ಇಲ್ಲ."

ಅವಳ ಹಲ್ಲು ಕಟಕಟ ಅನ್ನುವುದು ಒಲೆಯವರೆಗೂ ಕೇಳುತ್ತಿತ್ತು. ಅಕ್ಕ ಬೆಂಕಿಗೆ ಇನ್ನೊಂದು ತುಂಡು ಕಲ್ಲಿದ್ದಲು ಹಾಕಿದಳು.