ಹಿಮದ ಘಾಟಿಯಲ್ಲಿ ಗಂಡನ ಹೆಸರು

ಘತ್ತರಗಿಯ ಭಾಗ್ಯವಂತಿ ತಾಯಿಯನ್ನು ನಂಬಿದ ಎಲ್ಲರಿಗೂ ಕರಜಗಿಯ ಹೆಣ್ಣುಮಗಳೊಬ್ಬಳ ಶರಣು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಹಿಮಾಲಯದ ಹಿಮದ ಮೇಲೆ ನನ್ನ ಯಜಮಾನರು ಕಣ್ಮರೆಯಾಗಿದ್ದರು. ಅವರು ಸಿಕ್ಕ ಬಗೆಯನ್ನು ಹೇಳದಿದ್ದರೆ ತಾಯಿಗೆ ದ್ರೋಹ ಬಗೆದಂತೆ.

ಯಜಮಾನರು ಸಾಲಿ ಮಾಸ್ತರು. ದೇವರೆಂದರೆ ನಗುವವರು, ನಡಿಗೆಯೆಂದರೆ ಜೀವ ಬಿಡುವವರು. ಆ ರಜೆಯಲ್ಲಿ ಅಫಜಲಪುರದ ಕಡೆಯ ಏಳೆಂಟು ಮಾಸ್ತರರೊಂದಿಗೆ ಹನ್ನೆರಡು ದಿನದ ಬೆಟ್ಟದ ನಡಿಗೆಗೆ ಹೊರಟರು. ಹಟ ಮಾಡಿ ನಾನೂ ಹೊರಟೆ. ಗುಲಬರ್ಗಾದಲ್ಲಿ ರೈಲು ಹತ್ತುವಾಗ ಬೆವರು ಇಳಿಯುತ್ತಿತ್ತು. ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹಿಮ ತುಂಬಿದ ಎರಡು ಘಾಟಿಗಳನ್ನು ನಗುತ್ತಲೇ ದಾಟಿದೆವು. ಸೀರೆಯೊಳಗೆ ಗಂಡನ ಪ್ಯಾಂಟು ತೊಟ್ಟ ನನ್ನನ್ನು ಕಂಡು ಯಾರಿಗೆ ತಾನೆ ನಗು ಬಾರದು?

ಮೂರನೆಯ ಘಾಟಿಯ ನೆತ್ತಿಗೆ ಬಂದಾಗ, ರೊಟ್ಟಿ ಗಂಟನ್ನು ಕೆಳಗಿನ ಬಂಡೆಯ ಮೇಲೆ ಮರೆತದ್ದು ನೆನಪಾಯಿತು.

"ಹೋಗ್ಲಿ ಬಿಡ್ರಿ," ಎಂದೆ.

"ಬರೇ ಅನ್ನಾ ತಿಂದು ಸಾಕಾಗ್ಯಾದ. ಈಗ ಬರ್ತೇನಿ," ಎಂದು ಯಜಮಾನರು ಇಳಿದೇ ಬಿಟ್ಟರು.

ಅವರ ಹಿಂದೆಯೇ ಮಂಜು ಕವಿಯಿತು. ಗಂಟೆ ಕಳೆದರೂ ಸುಳಿವಿಲ್ಲ. ದಾರಿ ತೋರಿಸುತ್ತಿದ್ದ ಪಹಾಡಿ ಮನುಷ್ಯ, ಯಾರೂ ಇಳಿಯಬೇಡಿ, ಕೂಗುತ್ತಲೇ ಇರಿ ಎಂದು ಹಿಂದಿಯಲ್ಲಿ ಹೇಳಿದ. ಎಲ್ಲರೂ "ಮಾಸ್ತರ್, ಮಾಸ್ತರ್" ಎಂದು ಕೂಗಿದರು. ನಾನು "ರೀ, ರೀ" ಎನ್ನುತ್ತಿದ್ದೆ. ಒಬ್ಬಳೇ ಊರಿಗೆ ಮರಳುವ ಚಿತ್ರ ಕಣ್ಣ ಮುಂದೆ ಬಂದು ಎದೆ ಒಡೆದುಹೋಯಿತು.

"ಹೆಸರು ಹಿಡದು ಕರೀರಿ ಅಕ್ಕಾರ," ಎಂದರು ಹಿರಿಯ ಮಾಸ್ತರರು.

ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡನ ಹೆಸರು ನನ್ನ ಬಾಯಿಗೆ ಬಂದದ್ದಿಲ್ಲ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಆಯುಷ್ಯವೇ ಮುಗಿಯುವ ಹೊತ್ತು ಬಂದರೂ ನಾಲಗೆ ಏಳಲೊಲ್ಲದು. ಹಿಮದ ಮೇಲೆ ಮಂಡಿಯೂರಿದೆ. "ತಾಯಿ ಭಾಗ್ಯವಂತಿ, ನನ್ನ ಕೈಲಿ ಆಗವಲ್ದು. ನೀನೇ ಕರಿ."

ಎದ್ದು ನಿಂತಾಗ ಹೆಸರು ತಾನಾಗಿ ಬಂತು. ಮುಂದೆ 'ಶ್ರೀ' ಇಲ್ಲ, ಹಿಂದೆ 'ಅವರು' ಇಲ್ಲ. ಮೂರು ಸಲ ಕೂಗಿದೆ. ಅಂಥ ದನಿ ನನ್ನ ಗಂಟಲಿನಿಂದ ಅದಕ್ಕೆ ಮೊದಲೂ ಹೊರಟಿಲ್ಲ, ಆಮೇಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಮೊದಲು ರೊಟ್ಟಿ ಗಂಟು, ಅದರ ಹಿಂದೆ ಯಜಮಾನರು ಕಂಡರು.

"ದಾರಿ ತಪ್ಪಿ ಕುಂತಿದ್ದೆ, ನಿದ್ದಿ ಬರಾಕತ್ತಿತ್ತು," ಎಂದರು. "ಮಾಸ್ತರ್ ಮಾಸ್ತರ್ ಅಂದ್ರು, ಸಾಲಿ ಹುಡುಗ್ರು ಅಂದ್ಕೊಂಡು ಸುಮ್ನಾದೆ. ಆಮ್ಯಾಲೆ ನಮ್ಮವ್ವ ಹೆಸರು ಹಿಡದು ಕರದ್ಲು. ಎದ್ದು ಬಂದೆ."

ಅವರ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಎಲ್ಲರೆದುರು ಅವರನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಆಮೇಲೆ ರೊಟ್ಟಿಯ ಆಸೆಗೆ ಮನದಣಿಯೆ ಬೈದೆ. ರೊಟ್ಟಿಯನ್ನೂ ತಿಂದೆ.

ಊರಿಗೆ ಬಂದು, ಘತ್ತರಗಿಗೆ ನಡೆದು ಹೋಗಿ ತಾಯಿಗೆ ಉಡಿ ತುಂಬಿದೆ. ಆಕೆಯ ಋಣ ತೀರುವಂಥದ್ದಲ್ಲ. ಆ ಹೆಸರನ್ನು ಇಲ್ಲಿ ಬರೆಯಲು ಈಗಲೂ ಕೈ ಬರುತ್ತಿಲ್ಲ, ಓದುವವರು ಕ್ಷಮಿಸಬೇಕು.

"ಇನ್ನೊಮ್ಮೆ ಹಂಗೇ ಕರಿಬೇ," ಎಂದು ಯಜಮಾನರು ಆಗಾಗ ಕೇಳುತ್ತಾರೆ.

"ಕರದಾಕಿ ನಾನಲ್ರಿ," ಎನ್ನುತ್ತೇನೆ. "ಕರದಾಕಿ ಘತ್ತರಗಿಯೊಳಗ ಕುಂತಾಳ. ಅಲ್ಲೇ ಹೋಗಿ ಕೇಳ್ರಿ."

ಈಗ ಪ್ರತಿ ಅಮಾವಾಸ್ಯೆಗೆ, ನಾನು ಹೊರಡುವ ಮುಂಚೆಯೇ ಅವರು ಘತ್ತರಗಿಯ ಬಸ್ಸಿಗೆ ಹೋಗಿ ನಿಂತಿರುತ್ತಾರೆ.