ಎಣ್ಣೆಯಲ್ಲಿ ಬಿದ್ದ ಪಿನ್ನು

ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಗುಲಾಮ್ ರಸೂಲ್ ಇಪ್ಪತ್ತೆಂಟು ವರ್ಷಗಳಿಂದ ಮೋಟರ್ ಸೈಕಲ್ ರಿಪೇರಿ ಮಾಡುತ್ತಿದ್ದಾನೆ. ಸದ್ದು ಕೇಳಿಯೇ ಎಂಜಿನ್ನಿನ ದೋಷ ಹೇಳುತ್ತಾನೆಂದು ಅವನಿಗೆ ಹೆಸರು. ಆ ಹೆಸರನ್ನು ಅವನೂ ತುಸು ಹೆಚ್ಚೇ ನಂಬಿದ್ದ.

ಕಳೆದ ಶ್ರಾವಣದಲ್ಲಿ ತೆಂಗಳಿಯ ಶಂಕರಲಿಂಗ ಮಾಸ್ತರರು ಗಾಡಿಯ ಆಯಿಲ್ ಬದಲಿಸಲು ಬಂದರು. ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯ ಎಣ್ಣೆ ಬಿಡುತ್ತಿದ್ದಾಗ ಡಬ್ಬಿಯಲ್ಲಿ ಟಣ್ ಎಂದಿತು. ರಸೂಲ್ ಕೈ ಹಾಕಿ ತೆಗೆದ. ಬೆರಳ ಉಗುರಿನಷ್ಟು ಉದ್ದದ, ಒಳಗೆ ಟೊಳ್ಳಾದ ಉಕ್ಕಿನ ಪಿನ್ನು.

"ಏನ್ ಬಿತ್ತ್ರೀ ರಸೂಲಭಾಯಿ?"

"ನೋಡ್ತೀನಿ ತಡೀರಿ."

ಮೂಲೆಯಲ್ಲಿ ಅದೇ ಮಾದರಿಯ ಹಳೆಯ ಎಂಜಿನ್ ಬಿದ್ದಿತ್ತು. ಪಿನ್ನನ್ನು ಒರೆಸಿ ಒಂದೊಂದೇ ತೂತಿಗೆ ಇಟ್ಟು ನೋಡಿದ. ಕ್ಲಚ್ಚಿನ ಮುಚ್ಚಳದ ಅಂಚಿಗೆ, ಎಣ್ಣೆ ಮೇಲೇರುವ ದಾರಿಯಲ್ಲಿ, ಅದು ಸರಿಯಾಗಿ ಕೂತಿತು.

ಮಾಸ್ತರರ ಗಾಡಿಯ ಆ ಮುಚ್ಚಳ ಬಿಚ್ಚಿ ಹಾಕಿದವನು ರಸೂಲನೇ. ಯುಗಾದಿಗೆ ಮುಂಚೆ ಕ್ಲಚ್ ಪ್ಲೇಟ್ ಬದಲಿಸಿದ್ದ. ಅಂದು ಮಗಳು ಮಹೆವಿಶಳನ್ನು ನೋಡಲು ಸೇಡಂನವರು ಬರುವವರಿದ್ದರು. ಅವಸರದಲ್ಲಿ ಪಿನ್ನು ಒಳಗೆ ಜಾರಿದ್ದು ಗೊತ್ತಾಗಿರಲಿಲ್ಲ. ಅದಿಲ್ಲದೆ ಎಣ್ಣೆ ದಾರಿಯಲ್ಲೇ ಸೋರಿ, ತಿಂಗಳೊಳಗೆ ಎಂಜಿನ್ನಿನ ಮೇಲ್ಭಾಗ ಎಣ್ಣೆ ಸಿಗದೆ ಸವೆದು ಕಟಕಟ ಎನ್ನತೊಡಗಿತು.

"ಎಣ್ಣಿ ಇಲ್ದೇ ಓಡಿಸ್ಯಾರ್ರೀ ಮಾಸ್ತರ್ರ. ನಿಮ್ಮ ತಮ್ಮಗ ಕೇಳ್ರಿ," ಎಂದು ಆಗ ಸವೆದ ಭಾಗ ಬದಲಿಸುತ್ತ ರಸೂಲ್ ಹೇಳಿಬಿಟ್ಟಿದ್ದ.

ತಮ್ಮ ಅಣವೀರ ಅದೇ ಗಾಡಿಯಲ್ಲಿ ಚಿತ್ತಾಪುರದ ಬೇಳೆ ಮಿಲ್ಲಿಗೆ ಹೋಗಿಬರುತ್ತಿದ್ದ. ಎಣ್ಣೆ ನೋಡಿಕೊಂಡೇ ಓಡಿಸಿದ್ದೇನೆಂದು ಅವನು ಎಷ್ಟು ಹೇಳಿದರೂ ಮಾಸ್ತರರು ನಂಬದೆ ಗಾಡಿ ಕಿತ್ತುಕೊಂಡರು. ಬೆಳಗಿನ ಪಾಳಿಗೆ ಹೊಂದುವ ಬಸ್ಸಿರಲಿಲ್ಲ. ಮೇಲಿಂದ ಮೇಲೆ ತಡವಾಗಿ ಮಿಲ್ಲಿನ ಕೆಲಸ ಹೋಯಿತು. ಅಣವೀರ ಹೆಂಡತಿಯೊಂದಿಗೆ ಶಹಾಬಾದಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ನಿಂತ. ಅಣ್ಣನೊಡನೆ ಮಾತು ಬಿಟ್ಟ. ಇದನ್ನು ಮಾಸ್ತರರೇ ಗ್ಯಾರೇಜಿನಲ್ಲಿ ಕೂತು ಹೇಳಿದಾಗ ರಸೂಲ್ "ಈಗಿನವ್ರಿಗಿ ಕಾಳಜಿ ಇಲ್ರೀ" ಎಂದು ತಲೆಯಾಡಿಸಿದ್ದ.

ಈಗ ಮಾಸ್ತರರು ಮತ್ತೆ ಕೇಳಿದರು. "ಏನದು?"

"ಏನಿಲ್ರೀ. ಹಳೀ ವಾಶರ್."

ಹೊಸ ಎಣ್ಣೆ ಹಾಕಿ ಕಳಿಸಿದ. ಆ ಗಾಡಿ ಮತ್ತೆ ಸವೆಯುತ್ತದೆಂದು ಗೊತ್ತಿದ್ದೂ ಕಳಿಸಿದ. ಮಧ್ಯಾಹ್ನ ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ. ಹೆಂಡತಿ ಸಾಯಿರಾ ಬಿಡದೆ ಕೇಳಿ, ಎಲ್ಲವನ್ನೂ ತಿಳಿದುಕೊಂಡು, "ಕೆಲಸ ಹೋದದ್ದು ಅಣವೀರನದು. ಮೊದಲು ಅವನಿಗೆ ಹೇಳಿ" ಎಂದಷ್ಟೇ ಅಂದಳು.

ಮರುದಿನ ರಸೂಲ್ ಶಹಾಬಾದಿಗೆ ಹೋದ. ಅಣವೀರ ಕಲ್ಲಿನ ಹುಡಿ ಮೆತ್ತಿಕೊಂಡು ಹೊರಗೆ ಬಂದ. ರಸೂಲ್ ಪಿನ್ನನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಗಾಡಿ ಕೆಡಿಸಿದಾಂವ ನಾನಪ್ಪ. ಹೆಸರು ನಿಂದು ಹೇಳ್ದೆ. ತಪ್ಪಾತು."

ಅಣವೀರ ಪಿನ್ನನ್ನು ಮುಟ್ಟಲಿಲ್ಲ. "ಮೂರು ತಿಂಗಳಾತ್ರಿ, ನಮ್ಮವ್ವನ ಮಾರಿ ನೋಡಿಲ್ಲ ನಾ. ಈಗ ಹೇಳಾಕ ಬಂದೀರಿ," ಎಂದ. ರಸೂಲನಿಗೆ ಕಾಲು ಹಿಡಿಯಬೇಕೆನಿಸಿತು. ಬಗ್ಗುವಷ್ಟರಲ್ಲಿ ಅಣವೀರ ಹಿಂದೆ ಸರಿದ. "ಬ್ಯಾಡ್ರಿ. ಅಣ್ಣಗ ಹೋಗಿ ಹೇಳ್ರಿ."

ಅಲ್ಲಿಂದಲೇ ತೆಂಗಳಿಗೆ ಹೋಗಿ ಹೇಳಿದ. ಮಾಸ್ತರರು ಬೈಯುತ್ತಾರೆಂದುಕೊಂಡಿದ್ದ; ಅವರು ಬೈಯಲಿಲ್ಲ. "ನಿಮ್ಮ ಮಾತು ಖರೇ ಅಂತ ತಿಳದೆ. ಅವನ ಮಾತು ಒಮ್ಮೆನೂ ಕೇಳಲಿಲ್ಲಲ್ಲ ನಾ," ಎಂದು ತಾಯಿ ಭಾಗಮ್ಮನ ಮುಂದೆಯೇ ಕಣ್ಣೊರೆಸಿಕೊಂಡರು.

ರಸೂಲ್ ಗಾಡಿಯನ್ನು ಮತ್ತೆ ಬಿಚ್ಚಿ ಸರಿಮಾಡಿಕೊಟ್ಟ. ಮಿಲ್ಲಿಗೂ ಹೋಗಿ ನಡೆದದ್ದನ್ನು ಹೇಳಿದ. ಆ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದ. ದಸರೆಯ ಹೊತ್ತಿಗೆ ಅಣ್ಣ ತಮ್ಮಂದಿರು ಕೂಡಿ ಊಟ ಮಾಡಿದರೆಂದು ಕೇಳಿ ಅವನಿಗೆ ಸಮಾಧಾನವಾಯಿತು. ಅಣವೀರ ಶಹಾಬಾದಿನಲ್ಲೇ ಉಳಿದ, ತನ್ನದೇ ಒಂದು ಹಳೆಯ ಗಾಡಿ ಕೊಂಡ. ಹಬ್ಬಕ್ಕೆ ತೆಂಗಳಿಗೆ ಹೋಗುವಾಗ ಗ್ಯಾರೇಜಿನ ಮುಂದೆಯೇ ಹಾದು ಹೋಗುತ್ತಾನೆ. ಒಮ್ಮೆಯೂ ನಿಲ್ಲಿಸಿಲ್ಲ.